ಆಯಿಲ್ ಸ್ಟಾರ್ವೇಶನ್: ಆಯಿಲ್ ಇದ್ದೂ ಇಂಜಿನ್‌ಗೆ ಸಿಗದೇ ಹೋಗುವುದು

ಆಯಿಲ್ ಸ್ಟಾರ್ವೇಶನ್ ಅಂದ ತಕ್ಷಣ ಆಯಿಲ್ ಖಾಲಿ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಮಟ್ಟ ಸರಿಯಾಗೇ ಇರುತ್ತದೆ. ಆದರೆ ಟ್ರ್ಯಾಕ್‌ನಲ್ಲಿ ಒಂದು ಉದ್ದನೆಯ ತಿರುವನ್ನು ಜೋರಾಗಿ ತಗೊಂಡಾಗ ಆ ಆಯಿಲ್ ಪಂಪ್‌ಗೆ ಸಿಗುವುದಿಲ್ಲ.

ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಅಡಿಯ ಸಂಪ್‌ನಲ್ಲಿ ಆಯಿಲ್ ನಿಂತಿರುತ್ತದೆ, ಅದರ ತಳದ ಹತ್ತಿರ ಪಂಪ್ ಆಯಿಲ್ ಎಳೆದುಕೊಳ್ಳುವ ಪಿಕಪ್ ಪೈಪ್‌ನ ಬಾಯಿ. ತಿರುವಿನಲ್ಲಿ ಅಡ್ಡ ಎಳೆತ 1 ಜಿ, ಅಂದರೆ ಭೂಮಿಯ ಗುರುತ್ವದಷ್ಟೇ, ಮುಟ್ಟಿದರೆ ಸಂಪ್‌ನೊಳಗಿನ ಆಯಿಲ್ 45 ಡಿಗ್ರಿ ವಾಲಿ ಒಂದು ಪಕ್ಕದ ಗೋಡೆ ಹತ್ತುತ್ತದೆ. ಪೈಪ್‌ನ ಬಾಯಿ ಬಯಲಾಗುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಲೋಟದ ತಳದಲ್ಲಿ ಸ್ಟ್ರಾ ಸೊರ್ ಅನ್ನುತ್ತದಲ್ವಾ, ಅದೇ.

ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಗೂ ಅದನ್ನು ಹೊತ್ತ ಬೇರಿಂಗ್‌ಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಹಾಕುತ್ತದೆ, ಅಂದರೆ ಎರಡೇ ಸೆಕೆಂಡ್ ಗಾಳಿ ಹೋದರೂ 200 ಸುತ್ತು. ಮೊದಲ ಸಲ ಏನೂ ಗೊತ್ತಾಗುವುದಿಲ್ಲ, ಕಾರು ಸುಮ್ನೆ ಓಡುತ್ತಿರುತ್ತದೆ. ಒಳಗೆ ಬೇರಿಂಗ್ ಸವೆಯಲು ಶುರುವಾಗಿರುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಬೇಡಿ. ಸಾಮಾನ್ಯವಾಗಿ ಆಯಿಲ್ ಪ್ರೆಶರ್ ಅರ್ಧ ಬಾರ್‌ನ (ಸುಮಾರು 7 ಪಿಎಸ್‌ಐ) ಆಸುಪಾಸಿಗೆ ಇಳಿದ ಮೇಲೇ ಅದು ಹತ್ತುವುದು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಅನ್ನುವುದು ಹಳೆಯ ಅಂದಾಜಿನ ಲೆಕ್ಕ. ಆ ಲೆಕ್ಕದಲ್ಲಿ 6000ಕ್ಕೆ 60 ಬೇಕು, ದೀಪ ಹತ್ತುವುದು 7ರ ಹತ್ತಿರ! ಗೇಜ್ ಹಾಕಿಸಿದರೂ ತಿರುವಿನ ಮಧ್ಯೆ ಅದನ್ನು ನೋಡುವವರು ಯಾರು? ಅದಕ್ಕೇ ಪ್ರೆಶರ್, ಆರ್‌ಪಿಎಂ, ಅಡ್ಡ ಎಳೆತ ಮೂರನ್ನೂ ಲಾಗ್ ಮಾಡಿ ಒಂದರ ಮೇಲೊಂದು ಇಟ್ಟು ನೋಡಬೇಕು. ಆರ್‌ಪಿಎಂ ಗೆರೆ ಮೇಲೇ ಇದ್ದು, ಪ್ರತಿ ಲ್ಯಾಪ್‌ನಲ್ಲೂ ಅದೇ ತಿರುವಿನಲ್ಲಿ ಪ್ರೆಶರ್ ಗೆರೆ 65ರಿಂದ 20ಕ್ಕೆ ಗುಂಡಿ ಬಿದ್ದಂತೆ ಕುಸಿದಿದ್ದರೆ ಸ್ಟಾರ್ವೇಶನ್ ಅಂತಲೇ ತಿಳಿಯಿರಿ.

ತಡೆಯಲು ಮೊದಲ ದಾರಿ ಬ್ಯಾಫಲ್ ಇರುವ ಸಂಪ್. ಒಳಗಿನ ತಡೆಗೋಡೆ, ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳು ಆಯಿಲ್ ಅನ್ನು ಪೈಪ್‌ನ ಬಾಯಿಯ ಸುತ್ತ ಹಿಡಿದಿಡುತ್ತವೆ. ಅದು ಸಾಲದಿದ್ದರೆ ಅಕ್ಯುಮುಲೇಟರ್, ಅಂದರೆ ಒತ್ತಡದಲ್ಲಿ ಆಯಿಲ್ ಕೂಡಿಟ್ಟುಕೊಂಡು ಪ್ರೆಶರ್ ಬಿದ್ದಾಗ ಬಿಡುವ ಸಿಲಿಂಡರ್. ಎಲ್ಲಕ್ಕಿಂತ ಗಟ್ಟಿ ಪರಿಹಾರ ಡ್ರೈ ಸಂಪ್, ಇದರಲ್ಲಿ ಆಯಿಲ್ ಬೇರೆ ಟ್ಯಾಂಕ್‌ನಲ್ಲೇ ಇರುತ್ತದೆ. ಪೋರ್ಷೆ 911ಕ್ಕೆ 1964ರಿಂದಲೂ ಇದೇ ವ್ಯವಸ್ಥೆ ಇತ್ತು. ಅರ್ಧ ಲೀಟರ್ ಜಾಸ್ತಿ ಹಾಕಿ ತಪ್ಪಿಸಿಕೊಳ್ಳುವವರೂ ಇದ್ದಾರೆ. ಕೆಲವು ಇಂಜಿನ್‌ಗೆ ಇದು ನಡೆಯುತ್ತದೆ, ಆದರೆ ಮಟ್ಟ ಮೀರಿದರೆ ಕ್ರ್ಯಾಂಕ್ ಆಯಿಲ್ ಅನ್ನು ಕಡೆದು ನೊರೆ ಮಾಡುತ್ತದೆ, ನೊರೆ ಅಂದರೆ ಮತ್ತೆ ಗಾಳಿಯೇ.

ನನಗೆ ಬೇಜಾರಾಗುವುದು ಟೈರ್ ವಿಷಯದಲ್ಲಿ. ಎಲ್ಲರೂ ಮೊದಲು ಜಾಸ್ತಿ ಹಿಡಿತದ ಟೈರ್ ಹಾಕಿಸುತ್ತಾರೆ, ಸಂಪ್ ಹಳೆಯದೇ ಉಳಿಯುತ್ತದೆ. ಹಿಡಿತ ಹೆಚ್ಚಿದಷ್ಟೂ ಆಯಿಲ್ ಹೆಚ್ಚು ವಾಲುತ್ತದೆ.

ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬಿಸಿಲಲ್ಲಿ ನೋಡಿ. ಮಿನುಗುವ ಲೋಹದ ಚೂರು ಕಂಡರೆ ಸಂಪ್ ಬಿಚ್ಚಿ ಬೇರಿಂಗ್ ನೋಡುವ ತನಕ ಆ ಕಾರನ್ನು ಟ್ರ್ಯಾಕ್‌ಗೆ ಇಳಿಸಬೇಡಿ.