ಉಡುಪಿಯಲ್ಲಿ ಹುಟ್ಟಿ ಉಡುಪಿಗೇ ಮರಳಿದ ಪ್ರಶ್ನೆ

ಹಿಜಾಬ್ ವಿವಾದದ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ‘ಅತ್ಯಗತ್ಯ ಧಾರ್ಮಿಕ ಆಚರಣೆ’. ಸಂವಿಧಾನವನ್ನು ಪೂರ್ತಿ ಓದಿದರೂ ಈ ಮಾತು ಸಿಗುವುದಿಲ್ಲ. 25ನೇ ವಿಧಿಯಲ್ಲಿರುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯ, ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು, ಜೊತೆಗೆ ಅದರ ಮಿತಿಗಳು. ‘ಅತ್ಯಗತ್ಯ’ ಬಂದದ್ದು ಕೋರ್ಟಿನಿಂದ: ಆಚರಣೆ ಧರ್ಮಕ್ಕೆ ಅತ್ಯಗತ್ಯವಾಗಿದ್ದರಷ್ಟೇ ಅದಕ್ಕೆ ಸಂವಿಧಾನದ ರಕ್ಷಣೆ ಎಂಬ ಪರೀಕ್ಷೆ ಅದು.

ಬೀಜ ಮಾತ್ರ ಸಂವಿಧಾನ ಸಭೆಯಲ್ಲೇ ಬಿದ್ದಿತ್ತು. ನಮ್ಮಲ್ಲಿ ಧರ್ಮ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಆವರಿಸಿದೆ, ಹಾಗಾಗಿ ಸ್ವಭಾವತಃ ಧಾರ್ಮಿಕವಾದ ವಿಧಿಗಳಿಗಷ್ಟೇ ಅದನ್ನು ಸೀಮಿತಗೊಳಿಸಬೇಕು ಎಂದು 1948ರಲ್ಲಿ ಅಂಬೇಡ್ಕರ್ ಹೇಳಿದ್ದರು. ಅವರ ಗಮನವಿದ್ದದ್ದು ಯಾವುದು ಧರ್ಮದ ವಿಷಯ, ಯಾವುದು ಲೌಕಿಕ ಎಂಬುದರ ಮೇಲೆ. ಯಾವ ಆಚರಣೆ ಧರ್ಮಕ್ಕೆ ಎಷ್ಟು ಮುಖ್ಯ ಎಂದು ತೂಗುವುದು ಬೇರೆಯೇ ಕೆಲಸ.

1954ರಲ್ಲಿ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ಕಾರಣವಾದದ್ದು ಉಡುಪಿಯ ಶಿರೂರು ಮಠ. ಅಷ್ಟಮಠಗಳಿಗೆ ಎರಡೆರಡು ವರ್ಷ ಸರದಿಯಂತೆ ಬರುವ ಕೃಷ್ಣಪೂಜೆಯ ಅಧಿಕಾರ, ಅಂದರೆ ‘ಪರ್ಯಾಯ’, ಗೌರವದ ಹೊಣೆ ನಿಜ, ಆದರೆ ಖರ್ಚಿನ ಬಾಬತ್ತೂ ಹೌದು. ಪರ್ಯಾಯಗಳಿಂದ ಮಠ ಸಾಲಕ್ಕೆ ಬಿತ್ತು. ಆಡಳಿತದಲ್ಲಿ ಸರ್ಕಾರದ ಧರ್ಮಾದಾಯ ವ್ಯವಸ್ಥೆ ಕೈಹಾಕಿತು (ಉಡುಪಿ ಆಗ ಮದರಾಸು ರಾಜ್ಯದಲ್ಲಿತ್ತು). ಸ್ವಾಮಿಗಳು ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ತೀರ್ಪಿನಲ್ಲಿ ಉದಾರತೆ ಇದೆ: ಧರ್ಮದ ಅತ್ಯಗತ್ಯ ಭಾಗ ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯವಾಗಬೇಕು ಎಂದು ಸಂಪ್ರದಾಯ ಹೇಳಿದರೆ ಅದು ಧರ್ಮವೇ; ಅದಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದು ಆಸ್ತಿಯ ಆಡಳಿತ, ಅಲ್ಲಿ ಕಾನೂನು ಬರಬಹುದು.

ನಾಲ್ಕು ವರ್ಷಗಳ ನಂತರ ಅದೇ ಕರಾವಳಿಯ ಮೂಲ್ಕಿಯಿಂದ ಇನ್ನೊಂದು ಪ್ರಕರಣ. ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಸಮುದಾಯದ್ದು, ಎಲ್ಲರಿಗೂ ಬಾಗಿಲು ತೆರೆಯಬೇಕಿಲ್ಲ ಎಂಬುದು ಆಡಳಿತದವರ ವಾದ. ದೇವಸ್ಥಾನ ಆ ಸಮುದಾಯದ್ದು ಹೌದು, ಒಳಗೆ ಯಾರು ಬರಬಹುದು ಎಂಬುದು ಧರ್ಮದ ವಿಷಯವೂ ಹೌದು ಎಂದು ಕೋರ್ಟ್ ಒಪ್ಪಿತು. ಆದರೂ ಹಿಂದೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆಯಲು ಅವಕಾಶ ಕೊಡುವ ಸಂವಿಧಾನದ ಮಾತೇ ಮೇಲು ಎಂದಿತು. ಕೆಲವು ವಿಶೇಷ ಸೇವೆಗಳನ್ನಷ್ಟೇ ಸಮುದಾಯಕ್ಕೆ ಬಿಟ್ಟಿತು. ‘ಇದು ನಿಮ್ಮ ಧರ್ಮವೇ ಅಲ್ಲ’ ಎಂದು ಯಾರಿಗೂ ಹೇಳುವ ಪ್ರಸಂಗ ಬರಲಿಲ್ಲ. ಮೂಲ್ಕಿಯ ಈ ದಾರಿಯನ್ನು ಆಮೇಲೆ ಹೆಚ್ಚು ಮಂದಿ ತುಳಿಯಲಿಲ್ಲ.

1961ರ ಅಜ್ಮೇರ್ ದರ್ಗಾ ತೀರ್ಪಿನ ಹೊತ್ತಿಗೆ ಮೂಢನಂಬಿಕೆಯಿಂದ ಬಂದು ಸೇರಿಕೊಂಡದ್ದನ್ನು ಧರ್ಮದಿಂದ ಸೋಸಿ ತೆಗೆಯುವ ಕೆಲಸವೂ ನ್ಯಾಯಾಧೀಶರ ಹೆಗಲಿಗೆ ಬಂತು. ಅದರ ತುತ್ತತುದಿ ಆನಂದಮಾರ್ಗ ಎಂಬ ಪಂಥದ ತಾಂಡವ ನೃತ್ಯದ ಪ್ರಕರಣ. ಪಂಥ ಹುಟ್ಟಿದ್ದು 1955ರಲ್ಲಿ, ತಾಂಡವ ಬಂದದ್ದು 1966ರಲ್ಲಿ. ಆದ್ದರಿಂದ ಅತ್ಯಗತ್ಯವಲ್ಲ ಎಂದು 1980ರ ದಶಕದಲ್ಲಿ ತೀರ್ಪಾಯಿತು. ಪಂಥ ತನ್ನ ಗ್ರಂಥದಲ್ಲೇ ಅದನ್ನು ಸೇರಿಸಿಕೊಂಡರೂ 2004ರಲ್ಲಿ ಕೋರ್ಟ್ ಒಪ್ಪಲಿಲ್ಲ. ಹಳೆಯದಾದಷ್ಟೂ ಧರ್ಮ ಗಟ್ಟಿ ಎಂಬ ಲೆಕ್ಕವಿದು. ಹಾಗಿದ್ದರೆ ತಮ್ಮ ಕಾಲಕ್ಕೆ ಹೊಸದನ್ನು ಹೇಳಿದ ವಚನಕಾರರು ಈ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರೇ?

ನಡುವೆ 1986ರಲ್ಲೊಮ್ಮೆ ಗಾಳಿ ಬೇರೆ ಕಡೆ ಬೀಸಿತ್ತು. ರಾಷ್ಟ್ರಗೀತೆಗೆ ಎದ್ದು ನಿಂತು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದ ಕೋರ್ಟ್, ನಂಬಿಕೆ ಪ್ರಾಮಾಣಿಕವೇ ಎಂಬುದನ್ನು ನೋಡಿತು. ನಮಗೆ ಸರಿಕಾಣುತ್ತದೆಯೇ ಎಂಬುದನ್ನಲ್ಲ.

ಮುಂದೆ ತ್ರಿವಳಿ ತಲಾಖ್, ಶಬರಿಮಲೆ. ಶಬರಿಮಲೆ ತೀರ್ಪಿನ ಮರುಪರಿಶೀಲನೆಯಲ್ಲಿ, ಯಾವುದು ಅತ್ಯಗತ್ಯ ಎಂಬುದನ್ನು ಕೋರ್ಟ್ ಎಷ್ಟರ ಮಟ್ಟಿಗೆ ನಿರ್ಧರಿಸಬಹುದು ಎಂಬ ಪ್ರಶ್ನೆಯನ್ನೇ 2019ರಲ್ಲಿ ದೊಡ್ಡ ಪೀಠದ ಮುಂದಿಡಲಾಯಿತು.

2022ರಲ್ಲಿ ಮತ್ತೆ ಉಡುಪಿ, ಈ ಬಾರಿ ಸರ್ಕಾರಿ ಪಿಯು ಕಾಲೇಜು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಹೇಳಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಅವರಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ, ‘ಅತ್ಯಗತ್ಯ’ದ ಗೊಡವೆಗೆ ಹೋಗುವ ಅಗತ್ಯವೇ ಇರಲಿಲ್ಲ, ಇದು ಹಿಜಾಬ್ ಧರಿಸುವ ಹುಡುಗಿಯ ಆಯ್ಕೆಯ ವಿಷಯ ಎಂದು ಬರೆದರು.