ದೂರ ಅಳೆಯುವುದು ಬಿಡಿ, ವೇಗ ಹಿಡಿಯಿರಿ

ಹಡಗಿನ ಬ್ರಿಡ್ಜ್ ಮೇಲೆ ವಾಚ್ ಮಾಡುವ ನಮ್ಮಂಥವರ ತಲೆಗೆ ಮೊದಲೇ ತುಂಬುವ ಪಾಠ ಒಂದಿದೆ. ಇನ್ನೊಂದು ಹಡಗು ಹತ್ತಿರ ಬರ್ತಾ ಇದೆ, ಆದರೆ ಅದರ ದಿಕ್ಸೂಚಿ ಬೇರಿಂಗ್, ಅಂದರೆ ಅದು ನಮಗೆ ಕಾಣುವ ದಿಕ್ಕು, ಕದಲುತ್ತಿಲ್ಲ ಅಂದರೆ ಡಿಕ್ಕಿಯ ಅಪಾಯ ಇದೆ ಅಂತಲೇ ಲೆಕ್ಕ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತಾರಾಷ್ಟ್ರೀಯ ನಿಯಮಾವಳಿ, ಅಂದರೆ 1972ರ ಕೊಲ್‌ರೆಗ್ಸ್‌ನ 7ನೇ ನಿಯಮ ಹೇಳುವುದೂ ಇದನ್ನೇ. ಸಬ್‌ಮರೀನಿನಿಂದ ಹಡಗುಗಳಿಗೆ ಟಾರ್ಪಿಡೊ ಹೊಡೆಯುವ ಸೈಲೆಂಟ್ ಹಂಟರ್ 3ರಂಥ ಕಂಪ್ಯೂಟರ್ ಆಟದಲ್ಲಿ ಆಟೋ ಟಾರ್ಗೆಟಿಂಗ್ (ಆಟವೇ ಗುರಿಯ ಲೆಕ್ಕ ಮಾಡಿಕೊಡುವುದು) ಆಫ್ ಮಾಡಿದರೆ ನೀವು ಮಾಡಬೇಕಾದ ಕೆಲಸ ಇದರ ಉಲ್ಟಾ. ನಾವು ತಪ್ಪಿಸುವ ಡಿಕ್ಕಿಯನ್ನು ನೀವು ಬೇಕಂತಲೇ ಮಾಡಿಸಬೇಕು, ಅಷ್ಟೇ.

ಹೊಸಬರು ಜಾಸ್ತಿ ಒದ್ದಾಡುವುದು ದೂರ ಅಳೆಯೋಕೆ. ಅದಕ್ಕೆ ಮಾಸ್ಟಿನ ಎತ್ತರ ನೋಡಬೇಕು, ಪೆರಿಸ್ಕೋಪ್‌ನಲ್ಲಿ ಅದರ ತುದಿ ಹುಡುಕುವಷ್ಟರಲ್ಲಿ ಅಲೆ ಬಂದು ಎಲ್ಲ ಮುಚ್ಚಿಬಿಡುತ್ತದೆ. ಆ ಕಷ್ಟ ನಿಜಕ್ಕೂ ಬೇಕಿಲ್ಲ. ಟಾರ್ಪಿಡೊ ಟ್ಯೂಬಿನಿಂದ ಹೊರಟು ತಿರುಗದೆ ನೇರ ಹೋಗುವ ಹಾಗಿದ್ದರೆ, ಅಂದರೆ ಗೈರೋ ಕೋನ ಸೊನ್ನೆಯ ಹತ್ತಿರ ಇದ್ದರೆ, ಮುಂಗೋನದ (ಓಡುವ ಹಡಗಿಗಿಂತ ಎಷ್ಟು ಮುಂದಕ್ಕೆ ಗುರಿ ಇಡಬೇಕು ಅನ್ನುವ ಕೋನದ) ಲೆಕ್ಕದಲ್ಲಿ ದೂರ ಬರುವುದೇ ಇಲ್ಲ.

ಒಂದು ಲೆಕ್ಕ ನೋಡೋಣ. ಮ್ಯಾಪ್ ಮೇಲೆ ಗುರಿ ಹಡಗಿನ ದಾರಿ ಎಳೆದು, ನಿಮ್ಮ ಸಬ್‌ಮರೀನಿನ ಮೂತಿಯನ್ನು ಅದಕ್ಕೆ ಸರಿಯಾಗಿ 90 ಡಿಗ್ರಿಗೆ ನಿಲ್ಲಿಸಿ. ಹಡಗು ಬಲಗಡೆಯಿಂದ 8 ನಾಟ್ ವೇಗದಲ್ಲಿ ಬರ್ತಾ ಇದೆ. ನಿಮ್ಮ ಜಿ7ಇ ಎಲೆಕ್ಟ್ರಿಕ್ ಟಾರ್ಪಿಡೊ ವೇಗ 30 ನಾಟ್. 8 ಭಾಗಿಸು 30, ಅದರ ಟ್ಯಾನ್ ವಿಲೋಮ ತೆಗೆದರೆ ಸುಮಾರು 15 ಡಿಗ್ರಿ. ಪೆರಿಸ್ಕೋಪನ್ನು ಬೇರಿಂಗ್ 15ಕ್ಕೆ, ಅಂದರೆ ನಿಮ್ಮ ಮೂತಿಯಿಂದ ಬಲಕ್ಕೆ 15 ಡಿಗ್ರಿ, ತಿರುಗಿಸಿ ಸುಮ್ನೆ ಕಾಯಿರಿ. ಹಡಗಿನ ನಡುಭಾಗ ಪೆರಿಸ್ಕೋಪಿನ ನಡುವಿನ ನಿಂತ ಗೆರೆಗೆ ತಾಗಿದಾಗ ಟಾರ್ಪಿಡೊ ಬಿಡಿ. 600 ಮೀಟರ್ ಇರಲಿ, 1,200 ಇರಲಿ, ಕೋನ ಅದೇ. ಎಓಬಿಯನ್ನೂ (ಗುರಿ ಹಡಗಿನ ಮೂತಿಯಿಂದ ನೀವು ಎಷ್ಟು ಡಿಗ್ರಿ ಬದಿಗಿದ್ದೀರಿ ಅನ್ನುವ ಕೋನ) ಕಣ್ಣಳತೆಯಲ್ಲಿ ಊಹಿಸಬೇಕಿಲ್ಲ. ಆ ಬೇರಿಂಗ್‌ನಲ್ಲಿ ಅದು 90ರಿಂದ 15 ಕಳೆದು 75, ಹಡಗಿನ ಪೋರ್ಟ್ ಅಂದರೆ ಎಡ ಬದಿ.

ಹಾಗಾದರೆ ಗುರಿ ತಪ್ಪುವುದು ಎಲ್ಲಿ? ವೇಗದಲ್ಲಿ. ನೀವು 8 ಅಂದುಕೊಂಡ ಹಡಗು ನಿಜಕ್ಕೂ 10 ನಾಟ್‌ನಲ್ಲಿ ಹೋಗ್ತಾ ಇದ್ದರೆ, 1,000 ಮೀಟರ್ ದೂರಕ್ಕೆ ಟಾರ್ಪಿಡೊ ತಲುಪುವ 65 ಸೆಕೆಂಡಿನಲ್ಲಿ ಅದು ನಿಮ್ಮ ಲೆಕ್ಕಕ್ಕಿಂತ ಸುಮಾರು 66 ಮೀಟರ್ ಮುಂದೆ ಹೋಗಿರುತ್ತದೆ. 130 ಮೀಟರ್ ಉದ್ದದ ಹಡಗಿನ ಅರ್ಧ 65 ಮೀಟರ್. ಟಾರ್ಪಿಡೊ ಬಾಲ ಸವರಿಕೊಂಡು ಹೋಗುತ್ತದೆ. ಇದೇ ತಪ್ಪು 500 ಮೀಟರ್‌ನಲ್ಲಿ ಆಗಿದ್ದರೆ 33 ಮೀಟರ್ ಮಾತ್ರ, ಏಟು ಬಿದ್ದೇ ಬೀಳುತ್ತದೆ. ದೂರ ಅಳೆಯಬೇಡಿ ಅಂದೆ, ಹತ್ತಿರ ಹೋಗಬೇಡಿ ಅನ್ನಲಿಲ್ಲ. 44 ನಾಟ್‌ಗೆ ಇಟ್ಟ ಜಿ7ಎ ಟಾರ್ಪಿಡೊ ಬಿಟ್ಟರೂ ತಪ್ಪು ಕಮ್ಮಿಯಾಗುತ್ತದೆ, ಆದರೆ ಹಗಲಲ್ಲಿ ಅದರ ಗುಳ್ಳೆಗಳ ಸಾಲು ನೋಡಿ ಹಡಗಿನವರು ಚುಕ್ಕಾಣಿ ತಿರುಗಿಸಿಬಿಡುತ್ತಾರೆ.

ವೇಗ ಹಿಡಿಯಲು ನನಗೆ ಇಷ್ಟವಾದ ದಾರಿ ಸ್ಟಾಪ್‌ವಾಚ್. ಪೆರಿಸ್ಕೋಪನ್ನು ಒಂದೇ ದಿಕ್ಕಿಗೆ ಬಿಗಿಯಾಗಿ ಇಡಿ. ಹಡಗಿನ ಮೂತಿ ಗೆರೆಗೆ ತಾಗಿದಾಗ ಶುರು, ಬಾಲ ದಾಟಿದಾಗ ನಿಲ್ಲಿಸಿ. 130 ಮೀಟರ್ ಹಡಗಿಗೆ 32 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 4.06 ಮೀಟರ್. 1.94ರಿಂದ ಗುಣಿಸಿದರೆ 7.9 ನಾಟ್. ಹಡಗು ಓರೆಯಾಗಿ ಕಂಡರೂ ಈ ಲೆಕ್ಕ ಕೆಡುವುದಿಲ್ಲ, ಯಾಕಂದರೆ ಮೂತಿಯೂ ಬಾಲವೂ ಅದೇ ಗೆರೆಯನ್ನು ಒಂದೇ ಜಾಗದಲ್ಲಿ ದಾಟುತ್ತವೆ. ಕೆಡಿಸುವುದು ನಿಮ್ಮದೇ ದೋಣಿಯ ಓಟ. ಅಡ್ಡಡ್ಡ ಸರಿಯುತ್ತಿದ್ದರೆ ಗೆರೆಯೂ ಸರಿಯುತ್ತದೆ. ಎಂಜಿನ್ ಆದಷ್ಟು ನಿಧಾನ ಮಾಡಿ.

ಹಡಗು ಇನ್ನೂ ದೂರದಲ್ಲಿದ್ದರೆ ಮ್ಯಾಪ್ ಸಾಕು. ಎರಡು ಗುರುತಿನ ನಡುವೆ 3 ನಿಮಿಷ 15 ಸೆಕೆಂಡ್ ಬಿಡಿ. ಅಷ್ಟರಲ್ಲಿ ಹಡಗು ಸಾಗಿದ ಪ್ರತಿ 100 ಮೀಟರ್‌ಗೆ ಒಂದು ನಾಟ್. 700 ಮೀಟರ್ ಅಂದರೆ 7 ನಾಟ್.

ಕಾನ್ವಾಯ್, ಅಂದರೆ ಒಟ್ಟಿಗೆ ಸಾಗುವ ಹಡಗುಗಳ ಗುಂಪು, ಸಿಕ್ಕರೆ ಇನ್ನೂ ಸುಲಭ, ಅಲ್ವಾ? ಎಲ್ಲ ಹಡಗುಗಳದ್ದೂ ಒಂದೇ ವೇಗ. ಮುಂದಿನದನ್ನು ಸ್ಟಾಪ್‌ವಾಚ್‌ಗೆ ಬಳಸಿ, ಹಿಂದಿನದಕ್ಕೆ ಟಾರ್ಪಿಡೊ ಬಿಡಿ. ಅಂಕುಡೊಂಕಾಗಿ ಓಡುವ ಒಂಟಿ ಹಡಗಿಗೆ ಮಾತ್ರ ಇದೆಲ್ಲ ನಡೆಯದು. ಅದು ದಿಕ್ಕು ಬದಲಿಸಿದ ಕ್ಷಣ ನಿಮ್ಮ 90 ಡಿಗ್ರಿ ಹೋಯಿತು. ಪೆರಿಸ್ಕೋಪ್ ಇಳಿಸಿ, ಹೊಸ ದಾರಿ ಎಳೆದು, ಮೂತಿ ಮತ್ತೆ ತಿರುಗಿಸಬೇಕು.