ಕೊಳ್ಳುವವನು ತಿರುಗಿ ನೋಡದ ಸರಕು

ಗೋದಾಮು ಕಟ್ಟುವ ಸಲುವಾಗಿ ಎರಡು ಎಕರೆ ಜೌಗುಭೂಮಿಗೆ ಮಣ್ಣು ತುಂಬಲಿದ್ದ ಕಂಪನಿಯೊಂದರ ಎಂಜಿನಿಯರು ಸಭೆಯೊಂದರಲ್ಲಿ ನನ್ನನ್ನು ಕೇಳಿದರು: ‘ನಾವು ಮಿಟಿಗೇಷನ್ ಬ್ಯಾಂಕಿನಿಂದ ಕ್ರೆಡಿಟ್ ಕೊಂಡಾಗಿದೆ, ಹಣವನ್ನೂ ಕಟ್ಟಿದ್ದೇವೆ. ಅವರು ಬೆಳೆಸಿರುವ ಜೌಗು ಹೇಗಿದೆ ಎಂದು ನಾವೇಕೆ ಹೋಗಿ ನೋಡಬೇಕು? ಕಳಪೆಯಾಗಿದ್ದರೆ ಮಾರುಕಟ್ಟೆಯೇ ಅವರನ್ನು ಹೊರಗೆ ಹಾಕುತ್ತದಲ್ಲವೇ?’

ಮಿಟಿಗೇಷನ್ ಬ್ಯಾಂಕ್ ಎಂದರೆ ಹಣದ ಬ್ಯಾಂಕಲ್ಲ. ಒಂದು ಕಡೆ ಜೌಗು ಬೆಳೆಸಿ, ಬೇರೆ ಕಡೆ ಜೌಗು ಮುಚ್ಚುವವರಿಗೆ ಅದನ್ನು ಪರಿಹಾರದ ಲೆಕ್ಕದಲ್ಲಿ ಪಾಲುಪಾಲಾಗಿ ಮಾರುವ ಸಂಸ್ಥೆ ಅದು. ಆ ಪಾಲಿಗೇ ಕ್ರೆಡಿಟ್ ಎಂದು ಹೆಸರು. ಅಮೆರಿಕದಲ್ಲಿ ಇಂಥ ಬ್ಯಾಂಕುಗಳ ಜಾಗಗಳನ್ನು ಪರಿಶೀಲಿಸುವ ಕೆಲಸ ಮಾಡುತ್ತಾ ಬಂದಿರುವ ಹದಿನೆಂಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಬಾಯಿಗಳಿಂದ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಕೇಳುವವರು ಕೆಟ್ಟವರೇನಲ್ಲ. ಹೆಚ್ಚಿನವರು ಪ್ರಾಮಾಣಿಕರು, ಕೆಲಸದ ಗಡುವು ತಲೆಯ ಮೇಲೆ ಕೂತಿರುವವರು. ಕಾನೂನಿನ ದೃಷ್ಟಿಯಿಂದ ಅವರ ಮೊದಲ ಮಾತು ಸರಿಯೂ ಹೌದು: ಬ್ಯಾಂಕಿನಿಂದ ಕ್ರೆಡಿಟ್ ಕೊಂಡರೆ ಪರಿಹಾರದ ಜೌಗನ್ನು ಉಳಿಸಿ ಬೆಳೆಸುವ ಹೊಣೆ ಕೊಂಡವರಿಂದ ಬ್ಯಾಂಕಿನವರಿಗೆ ದಾಟುತ್ತದೆ. ತಪ್ಪಿರುವುದು ಎರಡನೆಯ ಮಾತಿನಲ್ಲಿ. ನೀರು ಮತ್ತು ಜೌಗಿನ ಮಾರುಕಟ್ಟೆಯ ಬಗ್ಗೆ ಬೇರೇನು ಮರೆತರೂ ಆ ತಪ್ಪನ್ನು ಮಾತ್ರ ಮರೆಯಬಾರದೆಂದು ನನಗೆ ಅನ್ನಿಸುವುದರಿಂದ ಅದನ್ನೊಂದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನೀರೆತ್ತುವ ಪಂಪು ಕೊಳ್ಳುವವನನ್ನು ನೆನೆಯಿರಿ. ಪಂಪು ನೀರೆತ್ತದಿದ್ದರೆ ಅವನ ಹೊಲ ಒಣಗುತ್ತದೆ. ಅವನು ಅಂಗಡಿಗೆ ಬಂದು ಜಗಳ ತೆಗೆಯುತ್ತಾನೆ, ನಾಲ್ಕು ಜನರಿಗೆ ಹೇಳುತ್ತಾನೆ, ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾನೆ. ಕಳಪೆ ಸರಕನ್ನು ಮಾರುಕಟ್ಟೆ ಹೊರಗೆ ಹಾಕುವುದು ಹೀಗೆ, ಕೊಂಡವನ ಹೊಟ್ಟೆಯುರಿಯ ಮೂಲಕ. ಜೌಗಿನ ಕ್ರೆಡಿಟ್ ಕೊಂಡವನಿಗೆ ಅಂಥ ಹೊಟ್ಟೆಯುರಿ ಹುಟ್ಟುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಜೌಗಲ್ಲ, ತನ್ನ ಗೋದಾಮಿನ ಪರವಾನಗಿ. ಕ್ರೆಡಿಟ್ಟಿನ ರಸೀದಿ ಕೈಗೆ ಬಂದ ದಿನವೇ ಅವನು ಕೊಂಡ ವಸ್ತುವಿನ ಉಪಯೋಗ ಅವನ ಪಾಲಿಗೆ ಮುಗಿದಿರುತ್ತದೆ. ಐವತ್ತು ಮೈಲಿ ಆಚೆಯ ಆ ಜಾಗದಲ್ಲಿ ಕಪ್ಪೆ ಮೊಟ್ಟೆಯಿಟ್ಟರೂ ಅವನ ಲಾಭ ಹೆಚ್ಚುವುದಿಲ್ಲ, ನೆಲ ಒಣಗಿ ಮುಳ್ಳುಪೊದೆ ಬೆಳೆದರೂ ಕಡಿಮೆಯಾಗುವುದಿಲ್ಲ. ಮಾರುವವನಿಗಾದರೋ ನೆಲ ತಗ್ಗಿಸಲು, ಸಸಿ ನೆಡಲು, ಕಳೆ ಕೀಳಲು ಖರ್ಚು ಮಾಡಿದಷ್ಟೂ ಉಳಿಕೆ ಕಡಿಮೆ. ಸರಕು ಅಗ್ಗವಾಗಲಿ ಎಂಬ ಆಸೆ ಇಬ್ಬರಿಗೂ ಇದೆ, ಸರಕು ಚೆನ್ನಾಗಿರಲಿ ಎಂಬ ಅಗತ್ಯ ಇಬ್ಬರಿಗೂ ಇಲ್ಲ. ಆ ಅಗತ್ಯವಿರುವುದು ನದಿಯ ಕೆಳಪಾತ್ರದಲ್ಲಿ ಮನೆ ಮಾಡಿಕೊಂಡಿರುವವರಿಗೆ, ಅದೇ ನದಿಯ ನೀರು ಕುಡಿಯುವವರಿಗೆ, ವಲಸೆಯ ದಾರಿಯಲ್ಲಿ ಇಳಿದು ದಣಿವಾರಿಸಿಕೊಳ್ಳುವ ಹಕ್ಕಿಗಳಿಗೆ. ಅವರಲ್ಲಿ ಯಾರೂ ಈ ವ್ಯಾಪಾರದ ಮೇಜಿನ ಬಳಿ ಕೂತಿಲ್ಲ.

ಆದ್ದರಿಂದ ಈ ಮಾರುಕಟ್ಟೆಯಲ್ಲಿ ಪೈಪೋಟಿ ಹೆಚ್ಚಿದಷ್ಟೂ ಗುಣಮಟ್ಟ ಮೇಲೇರುತ್ತದೆ ಎಂದು ತಿಳಿಯಬಾರದು. ಪರೀಕ್ಷಿಸುವವರು ಬಿಗಿಯಾಗಿಲ್ಲದ ಕಡೆ ಪೈಪೋಟಿಯೇ ಗುಣಮಟ್ಟವನ್ನು ಕೆಳಕ್ಕೆ ಎಳೆಯುತ್ತದೆ, ಏಕೆಂದರೆ ಚೆನ್ನಾಗಿ ಮಾಡಿದವನ ಬೆಲೆ ಹೆಚ್ಚಾಗಿ, ಹೇಗೋ ಮಾಡಿದವನ ಸರಕು ಮೊದಲು ಮಾರಾಟವಾಗುತ್ತದೆ. ಎಲ್ಲ ಬ್ಯಾಂಕುಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಜೌಗು ಕಟ್ಟುವ, ನಷ್ಟವಾದರೂ ಎರಡನೇ ಸಲ ಸಸಿ ನೆಡುವ ಜನರನ್ನು ನಾನು ಬಲ್ಲೆ. ಆದರೆ ಅವರು ಹಾಗೆ ಮಾಡುವುದು ತಮ್ಮ ಸ್ವಭಾವದಿಂದ. ಬೆಲೆ ಅವರನ್ನು ಹಾಗೆ ಮಾಡಿ ಎಂದು ಒತ್ತಾಯಿಸುವುದಿಲ್ಲ.

ಕಳಪೆ ಎಂದರೆ ಕಣ್ಣಿಗೆ ಕಾಣುವಂತೆ ಕೆಟ್ಟಿರಬೇಕೆಂದೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಜಾಗ ಕ್ಯಾಲೆಂಡರಿನ ಚಿತ್ರದಂತಿತ್ತು: ನಡುವೆ ನಿಂತ ನೀರು, ಸುತ್ತ ಆಳೆತ್ತರದ ಜೊಂಡು, ದಡದಲ್ಲಿ ಬಾತುಕೋಳಿಗಳು. ಜೊತೆಗಿದ್ದವರು, ‘ನೋಡಿ, ನಾವು ಮುಚ್ಚಿದ ಜಾಗದಲ್ಲಿ ವರ್ಷದ ಅರ್ಧ ನೀರೇ ಇರುತ್ತಿರಲಿಲ್ಲ, ಇಲ್ಲಿ ವರ್ಷವಿಡೀ ಇದೆ’ ಎಂದು ಹೆಮ್ಮೆಪಟ್ಟರು. ಅವರು ಮುಚ್ಚಿದ್ದು ವಸಂತದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುವ ಹುಲ್ಲಿನ ತಗ್ಗನ್ನು. ಒಣಗುತ್ತದೆ ಎಂಬ ಕಾರಣಕ್ಕೇ ಅಲ್ಲಿ ಮೀನು ಬದುಕುವುದಿಲ್ಲ, ಮೀನಿಲ್ಲದ ಕಾರಣಕ್ಕೇ ಕೆಲವು ಕಪ್ಪೆ ಮತ್ತು ಸಾಲಮಾಂಡರುಗಳ ಮೊಟ್ಟೆಗಳು ಅಲ್ಲಿ ಉಳಿಯುತ್ತವೆ. ಹೆಚ್ಚಾದರೆ ನೀರನ್ನು ಕೆಡಿಸುವ ಸಾರಜನಕದ ವಿಷಯವೂ ಹಾಗೆಯೇ: ನೀರು ಏರುತ್ತ ಇಳಿಯುತ್ತ ಇರುವ ಮಣ್ಣಿಗೆ ಒಮ್ಮೆ ಗಾಳಿ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಗಾಳಿ ಸಿಕ್ಕಾಗ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟಾಗಿಸುತ್ತವೆ, ಸಿಗದಾಗ ಬೇರೆ ಸೂಕ್ಷ್ಮಜೀವಿಗಳು ಆ ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಈ ಏರಿಳಿತವನ್ನೇ ತೆಗೆದುಹಾಕಿ ಆಳದ ಕೊಳ ಮಾಡಿದರೆ ಎಕರೆಗೆ ಎಕರೆ ಸರಿಹೋಗಬಹುದು, ಕೆಲಸಕ್ಕೆ ಕೆಲಸ ಸರಿಹೋಗುವುದಿಲ್ಲ. ಅಂಥ ಜೌಗು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ನಾನು ಮೊದಲು ನೋಡುವುದು ಮಣ್ಣನ್ನು. ಬೈರಿಗೆಯನ್ನು ತಿರುಗಿಸಿ ಮೊಣಕೈಯುದ್ದ ಮಣ್ಣನ್ನು ಮೇಲೆತ್ತಿ ಅಂಗೈ ಮೇಲೆ ಮುರಿದರೆ, ನಿಜವಾದ ಜೌಗಿನ ಮಣ್ಣು ಸಾಮಾನ್ಯವಾಗಿ ಬೂದು ಬಣ್ಣಕ್ಕಿರುತ್ತದೆ. ಬೇರು ಇಳಿದ ಜಾಡಿನಲ್ಲಿ ಮಾತ್ರ ತುಕ್ಕಿನ ಬಣ್ಣದ ಗೆರೆಗಳಿರುತ್ತವೆ, ಏಕೆಂದರೆ ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣ ಕರಗಿ ಹೋಗಿ, ಬೇರು ತಂದ ಗಾಳಿ ತಾಕಿದ ಕಡೆಯಲ್ಲಷ್ಟೇ ಮತ್ತೆ ಕೂರುತ್ತದೆ. ಇದು ಒಂದು ಮಳೆಗಾಲದಲ್ಲಿ ಆಗುವ ಕೆಲಸವಲ್ಲ. ಆಮೇಲೆ ನೋಡುವುದು ನೆಲದಲ್ಲಿ ನೆಟ್ಟ ಕೊಳವೆಯಲ್ಲಿನ ನೀರಿನ ಮಟ್ಟವನ್ನು. ಇಲ್ಲಿ ಬಳಸುವ ಅಳತೆಗೋಲು ಇದು: ಸಸ್ಯಗಳು ಬೆಳೆಯುವ ಋತುವಿನಲ್ಲಿ ಸತತ 14 ದಿನವಾದರೂ ನೀರು ನೆಲದ ಮೇಲೆ ನಿಂತಿರಬೇಕು ಇಲ್ಲವೇ ನೆಲದಿಂದ 12 ಅಂಗುಲದೊಳಗೆ ಇರಬೇಕು, ಮತ್ತು ಹತ್ತು ವರ್ಷಗಳಲ್ಲಿ ಐದು ವರ್ಷವಾದರೂ ಹೀಗಾಗಬೇಕು.

ಈ ಎಲ್ಲ ಪಾಠವನ್ನೂ ಅಮೆರಿಕ ಕಷ್ಟಪಟ್ಟೇ ಕಲಿತಿದೆ. 1972ರ ಶುದ್ಧ ನೀರಿನ ಕಾಯಿದೆಯ 404ನೇ ಸೆಕ್ಷನ್ನು ಜೌಗಿಗೆ ಮಣ್ಣು ತುಂಬಲು ಪರವಾನಗಿ ಬೇಕೆಂದಿತು. ಮೊದಲು ಹಾನಿಯನ್ನು ತಪ್ಪಿಸಿ, ತಪ್ಪದಿದ್ದರೆ ಕಡಿಮೆ ಮಾಡಿ, ಆಮೇಲೂ ಉಳಿದದ್ದಕ್ಕೆ ಮಾತ್ರ ಪರಿಹಾರ ಕೊಡಿ ಎಂಬ ಕ್ರಮವನ್ನು ಈ ಪರವಾನಗಿ ಕೊಡುವ ಸೇನಾ ಎಂಜಿನಿಯರುಗಳ ಪಡೆ ಮತ್ತು ಪರಿಸರ ಸಂರಕ್ಷಣಾ ಸಂಸ್ಥೆ 1990ರ ಒಪ್ಪಂದದಲ್ಲಿ ಬರೆದಿಟ್ಟವು. 2001ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ, ಜೌಗುಗಳು ಮಾಡುವ ಕೆಲಸದ ದೃಷ್ಟಿಯಿಂದ ‘ನಿವ್ವಳ ನಷ್ಟವಿಲ್ಲ’ ಎಂಬ ಗುರಿಯನ್ನು ಈ ಪರಿಹಾರಗಳು ಮುಟ್ಟುತ್ತಿಲ್ಲ ಎಂದು ಹೇಳಿತು. ಇಂಥ ಪರಿಹಾರಗಳು ಹೇಗಿರಬೇಕೆಂದು ಹೇಳುವ 2008ರ ನಿಯಮ ಬಂದದ್ದು ಅದರ ನಂತರ. ಆ ನಿಯಮದ ತಿರುಳನ್ನು ನಾನು ಹೀಗೆ ಓದುತ್ತೇನೆ: ಜಗಳ ತೆಗೆಯುವ ಗಿರಾಕಿ ಇಲ್ಲದ ಮಾರುಕಟ್ಟೆಗೆ ಅದು ಅಂಥ ಗಿರಾಕಿಯೊಬ್ಬನನ್ನು ನಿಯಮದ ಮೂಲಕ ತಂದು ಕೂರಿಸಿತು. ಬ್ಯಾಂಕಿನ ಕ್ರೆಡಿಟ್ಟುಗಳೆಲ್ಲ ಒಂದೇ ದಿನ ಮಾರಾಟಕ್ಕೆ ಸಿಗುವುದಿಲ್ಲ. ಜಾಗಕ್ಕೆ ಶಾಶ್ವತ ಕಾನೂನು ರಕ್ಷಣೆ ಮತ್ತು ಹಣದ ಭದ್ರತೆ ಒದಗಿದ ಮೇಲೆ ಸ್ವಲ್ಪ ಭಾಗ ಬಿಡುಗಡೆಯಾಗುತ್ತದೆ, ಉಳಿದದ್ದು ನೀರು, ಮಣ್ಣು, ಗಿಡಗಳು ನಿಗದಿಯಾದ ಮಟ್ಟ ಮುಟ್ಟಿದಂತೆ ಕಂತುಕಂತಾಗಿ ಸಿಗುತ್ತದೆ. ಕನಿಷ್ಠ 5 ವರ್ಷ ನಿಗಾ ಇಡಬೇಕು. ‘ಕಡತ ಇನ್ನೂ ಯಾಕೆ ಮುಂದೆ ಹೋಗಿಲ್ಲ’ ಎಂದು ಸಿಡುಕುವವರಿಗೆ ನಾನು ಹೇಳುವುದು ಒಂದೇ, ಆ ವಿಳಂಬ ಈ ಸರಕಿನ ಗುಣಮಟ್ಟದ ಒಂದು ಭಾಗ.

ನೀರಿನ ಗುಣಮಟ್ಟದ ವಿನಿಮಯದಲ್ಲೂ, ಅಂದರೆ ನೀರಿಗೆ ಮಾಲಿನ್ಯ ಬಿಡುವ ಹಕ್ಕನ್ನು ಕ್ರೆಡಿಟ್ಟಾಗಿ ಕೊಂಡು ಮಾರುವಲ್ಲೂ, ಇದೇ ಕಥೆ. ಮಾರುಕಟ್ಟೆ ಅಲ್ಲಿ ಚೆನ್ನಾಗಿ ನಡೆದದ್ದೆಲ್ಲ ಸರಕನ್ನು ಯಾರು ಬೇಕಾದರೂ ಅಳೆಯಬಹುದಾಗಿದ್ದ ಕಡೆ. ಆಸ್ಟ್ರೇಲಿಯಾದ ಹಂಟರ್ ನದಿಗೆ ಗಣಿಗಳು ಮತ್ತು ವಿದ್ಯುತ್ ಸ್ಥಾವರಗಳು ಬಿಡುವ ಉಪ್ಪುನೀರಿಗೆ ಒಟ್ಟು 1000 ಕ್ರೆಡಿಟ್ಟುಗಳನ್ನು ಗೊತ್ತುಮಾಡಲಾಗಿದೆ. ಒಂದು ಕ್ರೆಡಿಟ್ ಎಂದರೆ ಆ ಹೊತ್ತಿಗೆ ನದಿ ತಾಳಬಲ್ಲ ಉಪ್ಪಿನ ಸಾವಿರದಲ್ಲೊಂದು ಪಾಲು. ನದಿ ಸೊರಗಿದ್ದಾಗ ಕ್ರೆಡಿಟ್ ಎಷ್ಟಿದ್ದರೂ ಒಂದು ಹನಿಯನ್ನೂ ಬಿಡುವಂತಿಲ್ಲ, ಹರಿವು ಹೆಚ್ಚಿದಾಗ ಕ್ರೆಡಿಟ್ ಇದ್ದಷ್ಟು ಬಿಡಬಹುದು. 1995ರಲ್ಲಿ ಪ್ರಯೋಗವಾಗಿ ಆರಂಭವಾಗಿ 2002ರಲ್ಲಿ ನಿಯಮವಾದ ಈ ವ್ಯವಸ್ಥೆ ನಿಂತಿರುವುದು ನದಿಯಲ್ಲಿಟ್ಟ ಮಾಪಕಗಳ ಮೇಲೆ. ಅಮೆರಿಕದ ಕನೆಕ್ಟಿಕಟ್ ರಾಜ್ಯ 2002ರಿಂದ ತನ್ನ 79 ಕೊಳಚೆ ನೀರು ಶುದ್ಧೀಕರಣ ಘಟಕಗಳ ನಡುವೆ ಸಾರಜನಕದ ಕ್ರೆಡಿಟ್ ವಿನಿಮಯ ನಡೆಸಿತು. ಅಲ್ಲೂ ಲೆಕ್ಕ ಹಾಕಿದ್ದು ಘಟಕದ ಕೊಳವೆಯಿಂದ ಹೊರಬಿದ್ದ ನೀರನ್ನೇ ಪರೀಕ್ಷಿಸಿ. ಕೊಳಚೆ ಕೊನೆಗೆ ಸೇರುವ ಕಡಲಿನಿಂದ ದೂರವಿರುವ ಘಟಕ ತಡೆದ ಸಾರಜನಕಕ್ಕೆ, ಅದರಲ್ಲಿ ಒಂದಷ್ಟು ದಾರಿಯಲ್ಲೇ ಕಳೆದುಹೋಗುವುದೆಂದು, ಕಡಿಮೆ ಬೆಲೆ ಕಟ್ಟುವಷ್ಟು ಸೂಕ್ಷ್ಮವಾದ ಲೆಕ್ಕ ಅದು.

ಕಷ್ಟ ಬರುವುದು ಹೊಲಗಳಿಂದ ಹರಿದು ಬರುವ ನೀರಿನ ವಿಷಯದಲ್ಲಿ, ಏಕೆಂದರೆ ಅಲ್ಲಿ ಮಾಪಕ ಇಡಲು ಕೊಳವೆಯ ಬಾಯಿ ಇಲ್ಲ. ಹೊಲದಂಚಿನಲ್ಲಿ ಹುಲ್ಲಿನ ಪಟ್ಟಿ ಬೆಳೆಸಿದರೆ ಇಷ್ಟು ರಂಜಕ ತಡೆದಂತೆ ಎಂದು ಗಣಿತದ ಮಾದರಿಯೊಂದು ಹೇಳುತ್ತದೆ, ನಗರದ ಶುದ್ಧೀಕರಣ ಘಟಕ ಆ ಅಂದಾಜನ್ನು ಕೊಳ್ಳುತ್ತದೆ. ಅಂದಾಜು ತಪ್ಪಬಹುದೆಂಬ ಎಚ್ಚರಿಕೆಯಿಂದ, ಒಂದು ಪೌಂಡ್ ಬಿಡಬೇಕಾದರೆ ಎರಡು ಪೌಂಡ್ ತಡೆದ ಕ್ರೆಡಿಟ್ ಕೊಳ್ಳಬೇಕು ಎಂಬಂಥ ಅನುಪಾತಗಳನ್ನು ಅನೇಕ ಕಡೆ ಇಡುತ್ತಾರೆ. ಎಚ್ಚರಿಕೆ ಒಳ್ಳೆಯದೇ. ಆದರೆ ‘ಎರಡು ಪಟ್ಟು ಕೊಟ್ಟಿದ್ದೇವಲ್ಲ, ಇನ್ನು ನೋಡುವುದೇನಿದೆ’ ಎಂಬ ಮಾತು ನನ್ನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಹುಲ್ಲಿನ ಪಟ್ಟಿಯನ್ನು ಉತ್ತುಹಾಕಿದ್ದರೆ ಅಥವಾ ನೀರು ಪಟ್ಟಿಯನ್ನು ಬಳಸಿಕೊಂಡು ಒಂದೇ ಕೊರಕಲಿನಲ್ಲಿ ಹರಿದು ಹೋಗುತ್ತಿದ್ದರೆ, ಸೊನ್ನೆಯ ಎರಡು ಪಟ್ಟೂ ಸೊನ್ನೆಯೇ.

ಇದಕ್ಕೆ ಹೋಲಿಸಿದರೆ ನ್ಯೂಯಾರ್ಕ್ ನಗರದ ಒಪ್ಪಂದ ನನಗೆ ತೀರ ಬೇರೆಯಾಗಿ ಕಾಣುತ್ತದೆ. ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನಗಳ ಪಟ್ಟಣಗಳೊಂದಿಗೆ 1997ರಲ್ಲಿ ಒಪ್ಪಂದ ಮಾಡಿಕೊಂಡ ಆ ನಗರ, ಅಲ್ಲಿ ಭೂಮಿ ಕೊಳ್ಳಲು, ಮನೆಗಳ ಶೌಚಗುಂಡಿಗಳನ್ನು ಸರಿಪಡಿಸಲು, ರೈತರಿಗೆ ನೆರವಾಗಲು ಹಣ ಕೊಟ್ಟು, ಅಪಾರ ವೆಚ್ಚದ ಸೋಸುವ ಸ್ಥಾವರವನ್ನು ಕಟ್ಟುವುದನ್ನು ತಪ್ಪಿಸಿಕೊಂಡಿತು. ಅಲ್ಲಿ ಹಣ ಕೊಟ್ಟವನೇ ನೀರು ಕುಡಿಯುವವನು. ಕೆಟ್ಟ ನೀರು ಬಂದರೆ ಅದು ಅವನ ನಲ್ಲಿಗೇ ಬರುತ್ತದೆ, ಆದ್ದರಿಂದ ಅವನು ತಾನಾಗಿಯೇ ನೀರನ್ನು ಪರೀಕ್ಷಿಸುತ್ತಾನೆ. ಇದನ್ನೂ ಜೌಗಿನ ಕ್ರೆಡಿಟ್ಟನ್ನೂ ‘ಮಾರುಕಟ್ಟೆ ಆಧಾರಿತ ಕ್ರಮ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ ಎಂದು ನನಗೆ ತೋರುತ್ತದೆ.

ಜೌಗಿನ ಮಾರುಕಟ್ಟೆಯಲ್ಲಿ ಸರಕಿನ ಗುಣವಷ್ಟೇ ಅಲ್ಲ, ಬೇಡಿಕೆಯೂ ನಿಯಮದಿಂದಲೇ ಹುಟ್ಟುತ್ತದೆ. 2023ರ ಮೇ ತಿಂಗಳಲ್ಲಿ ಸ್ಯಾಕೆಟ್ ಪ್ರಕರಣದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ನದಿ ಸರೋವರಗಳಂಥ ಜಲಮೂಲಗಳೊಂದಿಗೆ ಮೇಲ್ಮೈಯಲ್ಲಿ ಎಡೆಬಿಡದ ಸಂಪರ್ಕವಿರುವ ಜೌಗುಗಳನ್ನಷ್ಟೇ ಕೇಂದ್ರ ಕಾಯಿದೆಯ ರಕ್ಷಣೆಯಲ್ಲಿ ಉಳಿಸಿತು. ಉಳಿದ ಜೌಗುಗಳನ್ನು ಮುಚ್ಚಲು, ರಾಜ್ಯದ ಕಾನೂನು ಬೇರೆ ಹೇಳದಿದ್ದರೆ, ಪರವಾನಗಿಯೂ ಬೇಡ, ಕ್ರೆಡಿಟ್ಟೂ ಬೇಡ. ಅವು ನೀರು ಹಿಡಿದಿಡುವ ಕೆಲಸ ತೀರ್ಪಿನ ಹಿಂದಿನ ದಿನ ಎಷ್ಟಿತ್ತೋ ಮರುದಿನವೂ ಅಷ್ಟೇ ಇತ್ತು. ಬೆಲೆ ಮಾತ್ರ ಹೋಯಿತು.

ಆ ಎಂಜಿನಿಯರನ್ನು ಏಪ್ರಿಲ್ ತಿಂಗಳಲ್ಲಿ ಬ್ಯಾಂಕಿನ ಜಾಗಕ್ಕೆ ಕರೆದುಕೊಂಡು ಹೋದೆ. ಹಿಂದಿನ ವಾರ ಚೆನ್ನಾಗಿ ಮಳೆಯಾಗಿತ್ತು, ನೆಟ್ಟ ಸಸಿಗಳೂ ಹಸಿರಾಗಿದ್ದವು. ಕೊಳವೆಯೊಳಗೆ ಅಳತೆಪಟ್ಟಿ ಇಳಿಸಿದಾಗ ನೀರು ಸಿಕ್ಕಿದ್ದು ನೆಲದಿಂದ 19 ಅಂಗುಲ ಕೆಳಗೆ. ಎತ್ತಿದ ಮಣ್ಣು ಕಂದು ಬಣ್ಣಕ್ಕಿತ್ತು, ಉದುರುತ್ತಿತ್ತು. ಅವರು ಸ್ವಲ್ಪ ಹೊತ್ತು ಅದನ್ನು ಬೆರಳಿನಲ್ಲಿ ತಿಕ್ಕುತ್ತ ನಿಂತಿದ್ದು, ‘ಇಷ್ಟು ಮಳೆಯಾದರೂ ನೀರು ಎಲ್ಲಿಗೆ ಹೋಗುತ್ತಿದೆ?’ ಎಂದು ಕೇಳಿದರು. ಕಚೇರಿಯಲ್ಲಿ ಕೂತು ಯಾರೂ ಕೇಳದ ಪ್ರಶ್ನೆ ಅದು. ಜಾಗದ ತಗ್ಗಿನ ಅಂಚನ್ನು ಹಿಡಿದು ಇಬ್ಬರೂ ನಡೆದೆವು. ಬೇಲಿಯಾಚೆಯ ಕಾಲುವೆಯ ದಡದಲ್ಲಿ, ಹಳೆಯ ಕಾಲದ ರೈತರು ಹೊಲ ಒಣಗಿಸಲು ನೆಲದಡಿ ಹೂತಿದ್ದ ಸುಟ್ಟಮಣ್ಣಿನ ಕೊಳವೆಯೊಂದರ ಬಾಯಿ ಹುಲ್ಲಿನಡಿ ಅಡಗಿತ್ತು. ಅದರಿಂದ ತಣ್ಣನೆಯ ತಿಳಿನೀರು ಬೆರಳಿನ ದಪ್ಪ ಧಾರೆಯಾಗಿ ಕಾಲುವೆಗೆ ಬೀಳುತ್ತಿತ್ತು. ಆ ಕೊಳವೆಯ ಸಾಲನ್ನು ಅಗೆದು ಒಡೆದುಹಾಕಿ, ಮುಂದಿನ ವಸಂತದ ನೀರಿನ ದಾಖಲೆ ಕೊಡುವವರೆಗೆ ಬ್ಯಾಂಕಿನ ಉಳಿದ ಕ್ರೆಡಿಟ್ಟುಗಳನ್ನು ತಡೆಹಿಡಿಯಬೇಕೆಂದು ಅಂದು ಸಂಜೆಯೇ ನನ್ನ ವರದಿಯಲ್ಲಿ ಬರೆದೆ.